ಚಾರ್ಜಿಗೆ ನಿಂತ ಗಾಡಿ

ಅಪ್ಪನ ದೋಣಿ ಅತ್ತೆಯ ಪಾಲಾದದ್ದು ಒಂದೇ ಒಂದು ಹಾಳೆಯಿಂದ. ಎಂಜಿನ್ ಕೆಟ್ಟು ದೋಣಿ ಬೇಲೆಕೇರಿಯ ಮರಳ ಮೇಲೆ ಕೂತ ವರ್ಷ ಗೋದಾವರಿ ಅತ್ತೆ ತನ್ನ ಬಳೆ ಮಾರಿ ಅದನ್ನು ಮತ್ತೆ ನೀರಿಗಿಳಿಸಿದ್ದಳಂತೆ. ಅದಕ್ಕೆ ಅಪ್ಪ, ಇನ್ನು ಇದು ನನ್ನ ತಂಗಿಯದು ಎಂದು ಬರೆದು ಸಹಿ ಹಾಕಿಬಿಟ್ಟಿದ್ದ. ಅಪ್ಪ ಹೋಗಿ ಮೂರು ವರ್ಷ. ಈಗ ಅತ್ತೆಯ ಮಗ ಸುಜಯ ಆ ದೋಣಿಯಲ್ಲಿ ಸಮುದ್ರಕ್ಕೆ ಹೋಗುತ್ತಾನೆ. ಅಪ್ಪನ ಸ್ವಂತ ಮಗ ರೋಷನ ಕಾರವಾರದ ಕಾಲೇಜಿನಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುತ್ತಾನೆ. ದೋಣಿಯ ಮೂತಿಯ ಮೇಲೆ ಅಪ್ಪನ ಕೈಬರಹದ ಹೆಸರು ಇನ್ನೂ ಹಾಗೇ ಇದೆ. ಊರಿಗೆ ಹೋದಾಗೆಲ್ಲ ರೋಷನ ಅದರ ಮೇಲೆ ಬೆರಳಾಡಿಸಿ ಬರುತ್ತಿದ್ದ.

ದೋಣಿ ತನಗೇ ಸೇರಬೇಕೆಂದು ಅವನು ದೂರು ಕೊಟ್ಟಿದ್ದ. ಭಾನುವಾರ ಜಾತಿಯ ಹಿರಿಯರು ಕೂತು ತೀರ್ಮಾನ ಹೇಳುವವರಿದ್ದರು. ಹಾಳೆಗೆ ಸಾಕ್ಷಿ ಹಾಕಿದವನು ಸತ್ತಿದ್ದಾನೆ, ಝೆರಾಕ್ಸ್ ಇಲ್ಲ. ಹಾಳೆ ಇದ್ದರೆ ದೋಣಿ ಅತ್ತೆಯದು. ಇಲ್ಲದಿದ್ದರೆ ಮಗನದು.

ಕಾರವಾರದಲ್ಲಿ ರೋಷನನ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿತ್ತು. ಕೆಳಗೆ ಪ್ಲಗ್ ಹಾಕಿಸಲು ಮನೆಯ ಯಜಮಾನ ಒಪ್ಪಿರಲಿಲ್ಲ. ಹಾಗಾಗಿ ಅವನ ಪುಟ್ಟ ಎಲೆಕ್ಟ್ರಿಕ್ ಕಾರು ವಾರಕ್ಕೆರಡು ಸಲ ಕೊಂಡ ಶೋರೂಮಿನಲ್ಲೇ ಚಾರ್ಜಿಗೆ ನಿಲ್ಲುತ್ತಿತ್ತು. ಸೇಲ್ಸಿನ ಸುಮಲತಾಗೆ ಅದೇ ಒಂದು ಅನುಕೂಲ. ಕೊಳ್ಳಲು ಬಂದವರೆಲ್ಲ ಸೀಟು ಒತ್ತಿ, ಡಿಕ್ಕಿ ತೆರೆದು, ಕೊನೆಗೆ ಕೇಳುವುದು ಒಂದೇ ಮಾತು: ಚಾರ್ಜ್ ಎಲ್ಲಿ ಮಾಡುವುದು? ಆಗ ಅವಳು ರೋಷನನ ಕಡೆ ಕೈ ತೋರಿಸುತ್ತಿದ್ದಳು.

“ಇವ್ರಿಗೂ ಮನೇಲಿ ಪ್ಲಗ್ ಇಲ್ಲ. ಇಲ್ಲೇ ಹಾಕ್ತ್ರು, ಗಾಡಿಯೊಳಗೇ ಮಲಗ್ತ್ರು. ಗೊರಕೆನೂ ನಮ್ದೇ ಕರೆಂಟಲ್ಲಿ.”

ಎಲ್ಲರೂ ನಗುತ್ತಿದ್ದರು. ಒಮ್ಮೆ ಆ ನಗುವಿನ ನಡುವೆಯೇ ರೋಷನನಿಗೆ ಒಂದು ಉಪಾಯ ಹೊಳೆಯಿತು.

ನಾಲ್ಕು ರಾತ್ರಿ ಅವನು ಅದನ್ನೇ ತಿರುವಿ ಹಾಕಿದ. ಗೇಟಿನಲ್ಲಿ ಕಾವಲುಗಾರ ಮಾದು ಪುಸ್ತಕದಲ್ಲಿ ಬಂದ ಹೊತ್ತು, ಹೋದ ಹೊತ್ತು ಬರೆಸಿ ಸಹಿ ಹಾಕಿಸುತ್ತಾನೆ. ಚಾರ್ಜಿನ ಡಬ್ಬಿಯೂ ತನ್ನದೇ ಲೆಕ್ಕದಲ್ಲಿ ಹೊತ್ತು ಬರೆದಿಟ್ಟುಕೊಳ್ಳುತ್ತದೆ. ಫೋನನ್ನು ಗಾಡಿಯಲ್ಲೇ ಬಿಟ್ಟರೆ ಅದೂ ಕಾರವಾರವನ್ನೇ ತೋರಿಸುತ್ತದೆ. ಮುಂದಿನ ಗಾಜಿಗೆ ಬಿಸಿಲಿನ ಪರದೆ, ಚಾಲಕನ ಕಡೆಯ ಗಾಜುಗಳಿಗೆ ಟವೆಲ್ಲು. ಇನ್ನೊಂದು ಕಡೆ ಗೋಡೆ. ಗೋಡೆಗೂ ಗಾಡಿಗೂ ನಡುವೆ ಒಬ್ಬರು ಅಡ್ಡಡ್ಡ ನುಸುಳುವಷ್ಟೇ ಜಾಗ. ಅಲ್ಲಿಗೆ ಯಾರು ಬರುತ್ತಾರೆ? ಊರಿನ ಕಣ್ಣಿಗೆ ರೋಷನ ಎಂದಿನಂತೆ ಒಳಗೆ ಮಲಗಿರುತ್ತಾನೆ.

ಶುಕ್ರವಾರ ರಜೆ ಹಾಕಿ ಹತ್ತೂ ಐವತ್ತಕ್ಕೆ ಪುಸ್ತಕದಲ್ಲಿ ಸಹಿ ಮಾಡಿದ. ಫೋನನ್ನು ಕಾಲಬುಡದ ಮ್ಯಾಟಿನ ಮೇಲಿಟ್ಟ. ಗಾಡಿ ಕೊಂಡಾಗ ಪುಕ್ಕಟೆ ಸಿಕ್ಕಿದ ಮ್ಯಾಟು. ಮೆಕ್ಯಾನಿಕರು ಚಹಾಕ್ಕೆ ಎದ್ದಾಗ ಹಿಂದಿನ ಸಣ್ಣ ಗೇಟಿನಿಂದ ಹೊರಬಿದ್ದ. ಬಸ್ಸಿನಲ್ಲಿ ಮಾಸ್ಕಿನೊಳಗೆ ಅವನ ಉಸಿರೇ ಅವನಿಗೆ ಬಿಸಿಯಾಗಿ ತಾಗುತ್ತಿತ್ತು. ಕಂಡಕ್ಟರ್ ಚಿಲ್ಲರೆ ಕೊಡುತ್ತ ಎರಡು ಸಲ ಮುಖ ನೋಡಿದನೋ, ಹಾಗೆ ಅನಿಸಿತೋ. ಬೇಲೆಕೇರಿ ಕ್ರಾಸಿನಲ್ಲಿ ಇಳಿದು ಅತ್ತೆಯ ಮನೆಯತ್ತ ನಡೆದ.

ಅತ್ತೆ ಅಂಕೋಲೆಯ ಮೀನು ಪೇಟೆಯಿಂದ ಒಂದೂವರೆಗೆ ಮೊದಲು ಬರುವವಳಲ್ಲ, ಸುಜಯ ಸಮುದ್ರದಲ್ಲಿ. ಕೀಲಿಕೈ ಎಂದಿನಂತೆ ಹಿತ್ತಲಲ್ಲಿ, ಮಗುಚಿಟ್ಟ ಬುಟ್ಟಿಯ ಅಡಿಯಲ್ಲಿತ್ತು. ನಾಯಿ ಬೊಗಳಲಿಲ್ಲ. ಗುರುತು ಹಿಡಿದು ಬಾಲ ಅಲ್ಲಾಡಿಸಿತು, ಅದು ಬೊಗಳುವುದಕ್ಕಿಂತ ಹೆಚ್ಚು ಹೆದರಿಸಿತು. ಒಳಗೆ ಒಣಮೀನಿನ ವಾಸನೆ. ಪೆಟ್ಟಿಗೆಯಲ್ಲಿ ಅತ್ತೆಯ ಮದುವೆ ಸೀರೆ, ಅದರ ಮಡಿಕೆಯಲ್ಲಿ ಹಾಳೆ. ಅಪ್ಪನ ಸಹಿಯ ಕೊನೆಯ ಅಕ್ಷರಕ್ಕೆ ಉದ್ದ ಬಾಲವಿರುತ್ತಿತ್ತು, ಇದರಲ್ಲೂ ಇತ್ತು. ಅವನು ಅದನ್ನು ಪೂರ್ತಿ ಓದಲಿಲ್ಲ. ಗಾಳಿಮರಗಳ ಹಿಂದೆ ಕೂತು ಸುಟ್ಟು ಬೂದಿಯನ್ನು ಮರಳಿನಲ್ಲಿ ಹುಗಿದ. ಮೂರನೇ ಕಡ್ಡಿಗೆ ಬೆಂಕಿ ಹತ್ತಿತ್ತು.

ಎರಡಕ್ಕೆ ಮತ್ತೆ ಗಾಡಿಯೊಳಗಿದ್ದ. ಯಾರೂ ಏನೂ ಕೇಳಲಿಲ್ಲ. ಮಾತಿಗೆ ಸಿಕ್ಕರೆ ಬಿಡದ ಸುಮಲತಾ ಕೂಡ ಅದೃಷ್ಟಕ್ಕೆ ಯಾರನ್ನೋ ಕೂರಿಸಿಕೊಂಡು ಟೆಸ್ಟ್ ಡ್ರೈವಿಗೆ ಹೋಗಿದ್ದಳು. ಎರಡೂ ಹತ್ತಕ್ಕೆ ಹೊರಡುವ ಸಹಿ ಹಾಕಿದ.

“ಒಳ್ಳೆ ನಿದ್ದೆ ಆಯ್ತಾ ಸರ್?” ಎಂದ ಮಾದು.

“ಹ್ಞೂಂ” ಎಂದ ರೋಷನ. ಎರಡು ದಿನ ಅವನಿಗೆ ನಿದ್ದೆ ಹತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಬೇಲೆಕೇರಿಯಲ್ಲಿ ಹಿರಿಯರ ಮುಂದೆ ಅತ್ತೆ ಖಾಲಿ ಕೈ ತೋರಿಸಿದಳು. “ಶುಕ್ರವಾರ ಪೇಟೆಯಿಂದ ಬಂದು ನೋಡಿದ್ರೆ ಪೆಟ್ಟಿಗೇಲಿ ಹಾಳೆ ಇರ್ಲಿಲ್ಲ” ಎಂದಳು. ಅಳಲಿಲ್ಲ, ಬೈಯಲೂ ಇಲ್ಲ.

ಎಲ್ಲರಿಗಿಂತ ಹಿರಿಯನಾದ ತುಳಸಿದಾಸ ಕನ್ನಡಕ ಸರಿಮಾಡಿಕೊಂಡ. “ಶುಕ್ರವಾರ ನೀ ಎಲ್ಲಿದ್ಯೋ ರೋಷನಾ?”

ತಪ್ಪಿಲ್ಲದೆ ಹೇಳಲು ಅವನು ಎಷ್ಟು ಸಲ ಬಾಯಿಪಾಠ ಮಾಡಿದ್ದನೋ. “ಕಾರವಾರದ ಶೋರೂಮಲ್ಲಿ, ದಾದಾ. ಹತ್ತೂ ಐವತ್ತಕ್ಕೆ ಹೋದೆ, ಎರಡೂ ಹತ್ತಕ್ಕೆ ಹೊರಟೆ. ಗಾಡಿಯೊಳಗೇ ಮಲಗಿದ್ದೆ. ನೀರು ಕುಡೀಲಿಕ್ಕೂ ಇಳೀಲಿಲ್ಲ. ಪುಸ್ತಕದಲ್ಲಿ ಸಹಿ ಅದೆ, ಫೋನೂ ನನ್ನ ಕೈಯಲ್ಲೇ ಇತ್ತು.”

“ಕಾಯಿ ಹಿಡ್ದು ಹೇಳ್ತ್ಯಾ?”

ತೆಂಗಿನಕಾಯಿ ಅಂಗೈಯಲ್ಲಿ ಭಾರವಾಗಿತ್ತು, ಬೆವರಿಗೆ ಜಾರುತ್ತಿತ್ತು. ಹೇಳಿದ. ಅಕ್ಷರ ತಪ್ಪದೆ ಮತ್ತೊಮ್ಮೆ ಹೇಳಿದ. ಹಿರಿಯರು ತಲೆದೂಗಿದರು. ಎರಡು ದಿನದಲ್ಲಿ ಮೊದಲ ಬಾರಿಗೆ ಅವನ ಎದೆಯಲ್ಲಿ ಗಾಳಿ ಆಡಿತು.

ಅತ್ತೆ ಸೊಂಟದ ಸಂಚಿಯಿಂದ ನಿಧಾನಕ್ಕೆ ಫೋನ್ ತೆಗೆದಳು. “ಸುಜಯಂಗೂ ಇದೇ ಕರೆಂಟಿನ ಗಾಡಿ ಬೇಕಂತೆ. ಚಾರ್ಜ್ ಎಲ್ಲಿ ಹಾಕೂದು ಗೊತ್ತಾಗ್ದೆ ನಾ ಬ್ಯಾಡ ಅಂತಿದ್ದೆ. ಶೋರೂಮಿನ ಹುಡುಗಿ ಶುಕ್ರವಾರ ಹನ್ನೆರಡೂ ಹತ್ತಕ್ಕೆ ಈ ವಿಡಿಯೋ ಕಳ್ಸ್ಯಾಳೆ, ನೋಡಿ ದಾದಾ” ಎಂದಳು. ಪರದೆಯ ಮೇಲೆ ಗೋಡೆ, ಡಬ್ಬಿ, ಹಸಿರು ದೀಪ. ಗೋಡೆಗೂ ಗಾಡಿಗೂ ನಡುವೆ ನುಸುಳುತ್ತಿದ್ದ ಸುಮಲತಾಳ ದನಿ: “ಅಕ್ಕಾ, ನೋಡಿ, ಇದು ನಿಮ್ಮ ಅಳಿಯಂದೇ ಗಾಡಿ. ತಡೀರಿ, ಅವ್ರನ್ನೇ ಮಾತಾಡಸ್ತೆ. ರೋಷನ ಸರ್... ಅರೆ, ಒಳಗಿಲ್ವಲಾ. ಫೋನೂ ಇಲ್ಲೇ ಬಿಟ್ ಹೋಗ್ಯಾರೆ.” ತುಳಸಿದಾಸ ರೋಷನನ ಕೈಯಿಂದ ಕಾಯಿ ತೆಗೆದುಕೊಂಡ. “ಎರಡು ವರ್ಷದಿಂದ ಫೋನ್ ಮಾಡ್ತೇ ಇದ್ಲು ಆ ಹುಡುಗಿ,” ಎಂದಳು ಅತ್ತೆ, “ನಂಬರ್ ನಿಮ್ಮ ಅಳಿಯನೇ ಕೊಟ್ಟದ್ದು ಅಂತ.” ಆಗ ರೋಷನನಿಗೆ ಗಾಡಿ ಕೊಂಡ ದಿನದ ಆ ಕಾಗದ ನೆನಪಾಯಿತು. ಕಾರು ಕೊಳ್ಳಬಹುದಾದ ಇಬ್ಬರು ಪರಿಚಿತರ ನಂಬರು ಬರೆದರೆ ಒಂದು ಉಡುಗೊರೆ ಎಂದಿದ್ದರು. ಬಾಯಿಗೆ ಬಂದ ಮೊದಲ ನಂಬರು ಅತ್ತೆಯದಾಗಿತ್ತು. ಪರದೆಯ ಮೇಲೆ ಖಾಲಿ ಸೀಟು ಹಾಗೇ ನಿಂತಿತ್ತು. ಅದರ ಬುಡದಲ್ಲಿ ಅವನ ಫೋನು, ಫೋನಿನ ಕೆಳಗೆ ಆ ಪುಕ್ಕಟೆ ಮ್ಯಾಟು.