ನಮ್ಮ ಗೋಡೆಗೆ ನಮ್ಮದೇ ಕೈ

"ಆ ಮನಿ ಗೋಡಿಗೆ ನಾ ಕೈ ಹಚ್ಚಂಗಿಲ್ಲ, ಚಾಚಾ!"

ಸುರಪುರದ ರಂಗಂಪೇಟೆಯಲ್ಲಿ ವಹಾಬ ಚಾಚಾನ ಬಣ್ಣದ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದ ವಿಶಾಖಾ ಅಲ್ಲೇ ನಿಂತುಬಿಟ್ಟಳು.

"ಮರಿಲಿಂಗಪ್ಪ ಕಾಕಾರಿಗೆ ಇದನ್ನೇ ಹೇಳ್ರಿ," ಎಂದು ಆ ಯುವಕ ಮುಂದುವರಿಸಿದ.

ಮರಿಲಿಂಗಪ್ಪ... ಅವಳ ಅಪ್ಪ! ಹಾಗಾದರೆ ಆ ಮನೆ ತಮ್ಮದೇ!

ಇಂಥ ಮಾತನ್ನು ಕೇಳಿ ಕೇಳಿ ಅವಳ ಓಣಿಯವರ ಕಿವಿ ಮರಗಟ್ಟಿದ್ದವು. ಆದರೆ ವಿಶಾಖಾಳದು ಮರಗಟ್ಟಿರಲಿಲ್ಲ.

"ಯಾಕ್ರಿ? ನಮ್ಮ ಗೋಡಿ ಮುಟ್ಟಿದ್ರ ಮೈಲಿಗಿ ಆಗ್ತದೇನು?"

ಅವನು ಬೆಚ್ಚಿ ತಿರುಗಿದ. ಮೊಣಕೈವರೆಗೂ ಬಣ್ಣದ ಕಲೆ. ಕಣ್ಣುಗಳಲ್ಲಿ ಗಾಬರಿ.

"ಅಲ್ರೀ ಟೀಚರ್, ನಾ ಹೇಳಿದ್ದು..."

"ಸಾಕ್ರಿ! ನಿಮ್ಮ ಕೈ ಯಾರಿಗೆ ಬೇಕಾಗ್ಯದ? ನಮ್ಮ ಮನಿಗೆ ನಾನೇ ಬಣ್ಣ ಹಚ್ಚಾಕಿ!"

ದುಡ್ಡು ಕೊಟ್ಟು, ತಿಳಿನೀಲಿ ಬಣ್ಣದ ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟಳು. ಕಣ್ಣೀರು ಬಂದದ್ದು ಓಣಿಯ ತಿರುವು ದಾಟಿದ ಮೇಲೆ.

ಅವಳ ಅವ್ವ ಮಾನಮ್ಮ ಮೂವತ್ತು ವರ್ಷ ಮಂದಿಯ ಮನೆಗಳಿಗೆ ಸುಣ್ಣ ಬಳಿದವಳು. ಹೊರಗೋಡೆಗೆ ಮಾತ್ರ! ಒಳಗಿನ ಕೋಣೆಗೆ ಅವಳನ್ನು ಯಾರೂ ಕರೆಯಲಿಲ್ಲ. ಬಾಯಾರಿದರೆ ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರು.

ಹುಣಸಗಿಯ ಶಾಲೆಯಲ್ಲಿ ಟೀಚರ್ ಆದ ದಿನವೇ ವಿಶಾಖಾ ಒಂದು ನಿರ್ಧಾರ ಮಾಡಿದ್ದಳು. ತಮ್ಮ ಮನೆಯ ಮುಂದಿನ ಕೋಣೆಗೆ ತಾನೇ ಬಣ್ಣ ಬಳಿಯಬೇಕು. ಅದರೊಳಗೆ ಅವ್ವನನ್ನು ಕೂರಿಸಬೇಕು. ಈ ದಸರಾ ರಜೆಯಲ್ಲೇ!

ಆದರೆ ಬಣ್ಣ ಹಚ್ಚತೊಡಗಿದ ಎರಡನೇ ದಿನ ಸಂಜೆಗೆ ಅದು ಪೊರೆಪೊರೆಯಾಗಿ ಎದ್ದು ಬಂತು. ಅಂಗೈಯಗಲದ ಚಕ್ಕೆಗಳು ನೆಲಕ್ಕೆ ಉದುರಿದವು. ವಿಶಾಖಾ ಬ್ರಷ್ ಎಸೆದು ಕುಸಿದು ಕುಳಿತಳು.

'ಅವನು ನೋಡಿದರೆ ಎಷ್ಟು ನಗುತ್ತಾನೋ...'

"ಅವ್ವಾರ, ಒಳಗ ಬರಬಹುದೇನ್ರಿ?"

ಬಾಗಿಲಲ್ಲಿ ಅವನೇ! ಕೈಯಲ್ಲಿ ಗೋಡೆ ಕೆರೆಯುವ ಪಟ್ಟಿ.

"ಯಾಕ ಬಂದೀರಿ?" ವಿಶಾಖಾ ದಡಬಡಿಸಿ ಎದ್ದಳು.

ಅಷ್ಟರಲ್ಲಿ ಒಳಗಿನಿಂದ ಮರಿಲಿಂಗಪ್ಪ ಬಂದ. ಮಗಳ ಮುಖ ನೋಡಲಾಗದೆ ತಲೆ ತಗ್ಗಿಸಿದ.

"ಬಣ್ಣ ಏಳೂದು ನೋಡಿ ನಾನೇ ಇವನ ಕರಸೀನಿ. ತಪ್ಪು ನಂದವ್ವ. ನಿನಗ ತ್ರಾಸ ಆಗಬಾರದಂತ ಈ ಹಣಮೇಶನ ಕೇಳಿದ್ದೆ. ನೀ ಮನ್ಯಾಗ ಇಲ್ಲದಾಗ ಬಂದು, ಸದ್ದಿಲ್ಲದಂಗ ಮುಗಿಸಿ ಹೋಗು ಅಂತ. ಅವ ಒಪ್ಪಲಿಲ್ಲ."

ವಿಶಾಖಾ ಹಣಮೇಶನತ್ತ ನೋಡಿದಳು.

"ಮಗಳು ತಾನೇ ಮಾಡ್ತೀನಿ ಅಂದಾಳ ಅಂತ ಕಾಕಾ ಹೇಳಿದ್ರು," ಹಣಮೇಶ ಮೆಲ್ಲಗೆ ಹೇಳಿದ. "ಅದನ್ನ ನಾ ಕದ್ದು ಮಾಡಿದ್ರ ನಿಮ್ಮ ಹೆಮ್ಮಿ ಕಸಗೊಂಡಂಗ ಆಗ್ತಿತ್ರಿ. ಅದಕ್ಕ ಕೈ ಹಚ್ಚಂಗಿಲ್ಲ ಅಂದೆ."

ಅಯ್ಯೋ... ತಾನು ಎಂಥ ಮಾತಾಡಿಬಿಟ್ಟೆ!

"ತಪ್ಪಾತ್ರಿ..." ಎಂದಳು ವಿಶಾಖಾ.

"ಇಲ್ರಿ. ನೀವು ಹಂಗ ತಿಳಕೊಂಡದ್ದು ಸುಮ್ಮನಲ್ಲ. ನಮ್ಮ ಓಣ್ಯಾಗ ಅಂಥ ಮಾತು ನಾನೂ ಕೇಳೀನಿ. ನನಗ ನಾಚಿಕಿ ಆಗ್ಯದ."

ಮಾನಮ್ಮ ಚಹಾ ತಂದಳು. ಹಣಮೇಶ ಎರಡೂ ಕೈಯಲ್ಲಿ ಕಪ್ಪು ಹಿಡಿದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಡಿದ. "ಇನ್ನೊಂದೀಟು ಕೊಡ್ರೆವ್ವ," ಎಂದು ಕೇಳಿದ. ಮಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನದಿಂದ ಪಾಠ ಶುರುವಾಯಿತು. ಈ ಸಲ ಟೀಚರೇ ವಿದ್ಯಾರ್ಥಿ!

"ಹಳೀ ಸುಣ್ಣ ಪೂರಾ ಕೆರೀರಿ. ಅದರ ಮ್ಯಾಲ ಬಣ್ಣ ನಿಲ್ಲಂಗಿಲ್ಲ."

"ಕೈ ನೋಯಾಕತ್ಯಾವ್ರಿ!"

"ನೋಯಲಿ. ನಾಳಿ ಬಣ್ಣಕ್ಕ ಮೊದಲಿನ ಪ್ರೈಮರ್ ಹಚ್ಚೂದದ."

ಒಮ್ಮೆಯೂ ಅವನು ಬ್ರಷ್ ಮುಟ್ಟಲಿಲ್ಲ. ಅವಳು ಏಣಿ ಹತ್ತಿದಾಗ ಮಾತ್ರ ಕೆಳಗೆ ಗಟ್ಟಿಯಾಗಿ ಹಿಡಿದು ನಿಲ್ಲುತ್ತಿದ್ದ. ಮೇಲಿನಿಂದ ನೋಡಿದರೆ ಅವನ ಕೂದಲ ಮೇಲೆ ನೀಲಿ ಹನಿಗಳು... 'ಇವನು ಹೀಗೇ ನಿಂತಿರಲಿ' ಅನ್ನಿಸಿ ವಿಶಾಖಾಳಿಗೆ ತನ್ನ ಮೇಲೇ ನಾಚಿಕೆಯಾಗುತ್ತಿತ್ತು.

ಪಾಠದ ಆರನೇ ದಿನ ಕೋಣೆ ಮುಗಿಯಿತು. ನಾಲ್ಕೂ ಗೋಡೆ ತಿಳಿನೀಲಿ. ಇಳಿಸಿಟ್ಟಿದ್ದ ಬುದ್ಧನ ಫೋಟೊ ಮತ್ತೆ ಮೊಳೆಗೇರಿತು. ವಿಶಾಖಾ ಅವ್ವನ ಕೈ ಹಿಡಿದು ನಡುವೆ ಕುರ್ಚಿ ಹಾಕಿ ಕೂರಿಸಿದಳು.

ಮಾನಮ್ಮ ಮೂಲೆ ಮೂಲೆಯನ್ನೂ ಸುಣ್ಣದ ಕೆಲಸದವಳ ಕಣ್ಣಿನಿಂದ ಪರೀಕ್ಷಿಸಿದಳು. ಒಂದು ಕಡೆ ಬ್ರಷ್ಷಿನ ಗೆರೆ ಉಳಿದಿತ್ತು. ಅದನ್ನು ಬೆರಳಿನಿಂದ ಸವರಿದಳು.

"ಇದು ನನ್ನ ಮಗಳ ಕೈ," ಎಂದಳು. ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ!

ಅಂಗಳದಲ್ಲಿ ಹಣಮೇಶ ಏಣಿಯನ್ನು ಹೆಗಲಿಗೇರಿಸುತ್ತಿದ್ದ. ವಿಶಾಖಾ ಹಿಂದೆಯೇ ಬಂದಳು.

"ನಾಳಿಂದ ಬರಂಗಿಲ್ಲೇನ್ರಿ?"

ಅವನು ಏಣಿ ಕೆಳಗಿಟ್ಟ. ಮಾತು ಹುಡುಕಿದ.

"ನಮ್ಮವ್ವನ ಕರಕೊಂಡು ಬರ್ಲೇನ್ರಿ... ನಿಮ್ಮನ್ನ ಕೇಳಾಕ?"

ವಿಶಾಖಾ ಬಯಸಿದ್ದೂ ಅದನ್ನೇ. ಆದರೂ ಕೇಳಲೇಬೇಕಿತ್ತು.

"ನಿಮ್ಮ ಓಣ್ಯಾಗ ಮಂದಿ ಏನಂತಾರ, ಗೊತ್ತದನ?"

"ಗೊತ್ತದ. ಅವ್ವನೂ ಮೊದ್ಲ ಅತ್ತಳು. ನಿನ್ನಿ 'ಆ ಹುಡುಗೀನ ನೋಡ್ಬೇಕು' ಅಂದಾಳ." ಅವನು ತಲೆಯೆತ್ತಿದ. "ಹಾಡೇ ಹಗಲಾಗ ಬರ್ತೀವ್ರಿ, ಎಲ್ಲಾರೂ ನೋಡಂಗ."

ವಿಶಾಖಾಳ ತುಟಿಯಂಚಿನಲ್ಲಿ ನಗು ಮೂಡಿತು.

"ತಡೀರಿ. ಅಪ್ಪಗ ಮೊದ್ಲ ನಾನೇ ಹೇಳ್ತೀನಿ."

"ಏನಂತ?"

"ಹಣಮೇಶ ಕೇಳ್ಯಾನ, ನಾ ಹೂಂ ಅಂದೀನಿ ಅಂತ."