ಸೀಳಿದ ಬ್ಯಾಂಜೋ

ಊಟ ಮುಗಿಸಿ ಬಂದ ಮುಬೀನ ಷೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟಳು. ಮೊಯ್ದೀನಾಕರ ಬ್ಯಾಂಜೋ ನೆಲಕ್ಕೆ ಬಿದ್ದಿತ್ತು. ಅದರ ಮುಖದ ಚರ್ಮ ಅಡ್ಡಕ್ಕೆ ಸೀಳಿತ್ತು. ಪಕ್ಕದಲ್ಲೊಂದು ಚಾಕು.

ಅದು 2014. ದುಬೈಯ ರಾಸ್ ಅಲ್ ಖೋರ್‌ನ ಹಳೆಯ ಗ್ಯಾರೇಜಿನಲ್ಲಿ ರಂಜಿತ್ ಅಗ್ಗದ ಖರ್ಚಿನಲ್ಲಿ ಕೌಬಾಯ್ ಸಿನಿಮಾ ತೆಗೆಯುತ್ತಿದ್ದ. ನಿರ್ದೇಶಕನೂ ನಾಯಕನೂ ಅವನೇ. ಹಾಡುಗಳು ಮಂಗಳೂರಿನವರೇ ಕಟ್ಟಿಕೊಂಡ ಕಂಟ್ರಿ ಬ್ಯಾಂಡಿನವು. ಅದರ ಗಾಯಕ ಕೀರ್ತನ್ ಖಳನಾಯಕ. ಉಡುಪಿನ ಹೊಣೆ ಮುಬೀನಳದು. ಬೂಟಿನ ಹಿಮ್ಮಡಿಯ ಮುಳ್ಳುಚಕ್ರ ಇದ್ದದ್ದು ಒಂದೇ ಜೊತೆ. ಒಬ್ಬನಿಂದ ಬಿಚ್ಚಿ ಇನ್ನೊಬ್ಬನಿಗೆ ಕಟ್ಟಬೇಕು.

ಬ್ಯಾಂಡಿನಲ್ಲಿ ಬ್ಯಾಂಜೋ ಬಾರಿಸುವ ಮುದುಕರು ಮೊಯ್ದೀನಾಕ. ವೀಸಾ ಮುಗಿದು ಮರುದಿನ ಊರಿಗೆ ಹೊರಡುವವರು. ಅವರು ಕಟ್ಟಿದ ಹಾಡಿನ ರೆಕಾರ್ಡಿಂಗ್ ಆ ಸಂಜೆಯೇ ಆಗಬೇಕಿತ್ತು. ಹಾಡಿಗೆ ತನ್ನ ಹೆಸರು ಹಾಕಲು ರಂಜಿತ್ ಕೇಳಿದ್ದ; ಮುದುಕರು ಒಪ್ಪಿರಲಿಲ್ಲ.

ಸೀಳಿದ ಬ್ಯಾಂಜೋ ನೋಡಿ ರಂಜಿತ್ ಮೊಯ್ದೀನಾಕರನ್ನು ತಬ್ಬಿ ಅತ್ತ. "ಯಾರಿಗೆ ಇಂಥ ಬುದ್ಧಿ ಬಂತು ಮಾರಾಯ್ರೆ!"

ಎಲ್ಲರ ಕಣ್ಣು ಕೀರ್ತನನ ಮೇಲೆ. ಬೆಳಿಗ್ಗೆ ಹಾಡಿನ ಶ್ರುತಿಯ ವಿಷಯಕ್ಕೆ ಮೊಯ್ದೀನಾಕರ ಜೊತೆ ಜಗಳವಾಡಿದ್ದವನು ಅವನೇ. ಚಾಕು ಕೂಡ ಅವನ ಪಾತ್ರದ್ದು.

ಮುಬೀನ ರಾಜೀವಿಯಕ್ಕನಿಗೆ ಫೋನ್ ಮಾಡಿದಳು. ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಇಬ್ಬರದೂ ಒಂದೇ ರೂಮು. ರಾಜೀವಿಗೆ ಮಾಲ್‌ನಲ್ಲಿ ಕಳ್ಳರನ್ನು ಹಿಡಿಯುವ ಕೆಲಸ. ಬಂದವಳು ಚಾಕುವನ್ನು ಅಂಗೈಗೆ ಒತ್ತಿ ನೋಡಿದಳು. ಸೀಳಿನ ಅಂಚನ್ನು ಬೆರಳಲ್ಲಿ ಸವರಿದಳು. ಸಮಾನ ದೂರದಲ್ಲಿ ಸಾಲು ತೂತುಗಳಿದ್ದವು.

"ಮುಬೀನಾ, ಮುಳ್ಳುಚಕ್ರ ಯಾವಾಗ ಬದಲಾಯಿಸಿದ್ದು?"

"ಊಟಕ್ಕೆ ಹೋಗುವ ಮೊದಲು. ಕೀರ್ತನನದ್ದು ಬಿಚ್ಚಿ ರಂಜಿತಣ್ಣನಿಗೆ ಕಟ್ಟಿದೆ. ಆಗ ಮೊಯ್ದೀನಾಕ ಬಾರಿಸ್ತಾ ಇದ್ರು."

ರಾಜೀವಿ ಎಲ್ಲರನ್ನೂ ಕೂರಿಸಿದಳು.

"ಈ ಚಾಕು ಅಲ್ಯುಮಿನಿಯಂ. ಬಾಳೆಹಣ್ಣು ಕೂಡ ಕೊಯ್ಯುದಿಲ್ಲ. ಚರ್ಮ ಹರಿದದ್ದು ಮುಳ್ಳುಚಕ್ರ, ಹಿಮ್ಮಡಿಯಿಂದ ತುಳಿದು. ಕೀರ್ತನನ ಕಾಲಿಂದ ಅದು ಬಿಚ್ಚುವಾಗ ಬ್ಯಾಂಜೋ ಸರಿ ಇತ್ತು. ಆಮೇಲೆ ಅದು ಇದ್ದದ್ದು ಒಬ್ಬರ ಕಾಲಲ್ಲಿ. ಈಗಲೂ ಉಂಟು. ಇವತ್ತು ರೆಕಾರ್ಡಿಂಗ್ ತಪ್ಪಿದರೆ ನಾಳೆ ಇವರು ವಿಮಾನದಲ್ಲಿ, ಹಾಡು ನಿಮ್ಮ ಹೆಸರಲ್ಲಿ. ಅಲ್ವಾ ರಂಜಿತ್?"

ರಂಜಿತ್ ಕಾಲು ಹಿಂದಕ್ಕೆಳೆದುಕೊಂಡ. ಚಕ್ರ ಕಿಣಿಕಿಣಿ ಎಂದಿತು.

"ಒಂದು ವಾದ್ಯಕ್ಕೆ ಇಷ್ಟೆಲ್ಲ ಎಂತಕ್ಕೆ? ಹೊಸತು ತೆಗೆದು ಕೊಡ್ತೇನೆ."

ಅವನು ಅತ್ತ ಕಣ್ಣೀರಿನ ಕಲೆ ಮೊಯ್ದೀನಾಕರ ಅಂಗಿಯ ಮೇಲೆ ಇನ್ನೂ ಇತ್ತು.

"ಬಿಚ್ಚು ಮುಬೀನಾ," ಎಂದು ಅವನು ಕಾಲು ಚಾಚಿದ.

"ನೀವೇ ಬಿಚ್ಚಿಕೊಳ್ಳಿ. ಖಲಾಸ್."

ಬ್ಯಾಂಡಿನವರು ಒಬ್ಬೊಬ್ಬರಾಗಿ ಎದ್ದು ಹೊರಟರು. ಹೊರಗೆ ಕೀರ್ತನ್ ಗಿಟಾರ್ ಹಿಡಿದು ಪಿಕಪ್ಪಿನ ಹಿಂಬದಿಯಲ್ಲಿ ಕೂತ. ಮುಬೀನ ಫೋನಿನ ರೆಕಾರ್ಡರ್ ಒತ್ತಿ ಮೊಯ್ದೀನಾಕರ ಮುಂದೆ ಹಿಡಿದಳು. ಅವರು ಗಂಟಲು ಸರಿಮಾಡಿಕೊಂಡು ಮೊದಲು ತಮ್ಮ ಹೆಸರು ಹೇಳಿದರು. ಆಮೇಲೆ ಹಾಡಿದರು.