ಅಜ್ಜನ ಸುತ್ತು

"ಅಮ್ಮಾ, ಅಜ್ಜನ ಶೂ ಮತ್ತೆ ಒದ್ದೆಯಾಗಿದೆ!"

ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತು ಮಿಡತೆ ಕೂಗಿದಳು. ಅವಳ ನಿಜವಾದ ಹೆಸರು ಶಾಲೆಯ ಹಾಜರಿಯಲ್ಲಿ ಮಾತ್ರ ಉಳಿದಿತ್ತು. ನಿಂತಲ್ಲಿ ನಿಲ್ಲದ ಮೊಮ್ಮಗಳಿಗೆ ಅಜ್ಜ ಇಟ್ಟ ಹೆಸರೇ ಮನೆಯಲ್ಲೂ ಬೀದಿಯಲ್ಲೂ ನಿಂತುಬಿಟ್ಟಿತ್ತು.

ಅಮ್ಮ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡು ಲೆಕ್ಕ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. "ನೆಲ ಒರೆಸಿದ ನೀರು ತಾಗಿರಬೇಕು. ನೀನು ಹಲ್ಲುಜ್ಜಿದೆಯಾ?"

ನೆಲ ಒರೆಸಿದ ನೀರಿಗೆ ಕೆಸರಿನ ವಾಸನೆ ಇರುತ್ತದೆಯೇ? ಶೂಗಳ ಅಂಚಿಗೆ ಕೆರೆ ದಂಡೆಯ ಕರಿಮಣ್ಣು ಮೆತ್ತಿತ್ತು. ಅಷ್ಟೇ ಅಲ್ಲ. ಮಲಗುವ ಮುಂಚೆ ಅಮ್ಮ ಎಲ್ಲರ ಶೂಗಳ ಮೂತಿಯನ್ನೂ ಗೋಡೆಯ ಕಡೆಗೆ ತಿರುಗಿಸಿ ಜೋಡಿಸುತ್ತಾಳೆ. ಬೆಳಗಾದರೆ ಅಜ್ಜನ ಜೋಡಿ ಮಾತ್ರ ಬಾಗಿಲ ಕಡೆಗೆ ಮುಖಮಾಡಿ ಇರುತ್ತಿತ್ತು. ಅಜ್ಜ ಇದ್ದಾಗ ಹಾಗೇ ಇಡುತ್ತಿದ್ದರು. "ಇವಕ್ಕೆ ದಾರಿ ಕಾಣ್ತಿರಬೇಕು" ಎನ್ನುತ್ತಿದ್ದರು.

ಅಜ್ಜ ತೀರಿಕೊಂಡು ಒಂದು ಮಳೆಗಾಲವೇ ಕಳೆದಿತ್ತು.

ಮಿಡತೆ ಮೆಲ್ಲಗೆ ಒಂದು ಶೂವಿನೊಳಗೆ ಕೈ ಹಾಕಿದಳು.

ಒಳಗೆ ಬೆಚ್ಚಗಿತ್ತು.

ಕೆಂಡ ಮುಟ್ಟಿದವಳಂತೆ ಕೈ ಎಳೆದುಕೊಂಡಳು. ಅಜ್ಜಿಗೆ ಹೇಳೋಣವೆಂದರೆ ಅಜ್ಜಿಯ ಕೋಣೆಯ ಬಾಗಿಲು ಹಾಕಿತ್ತು. ಬೆಳಗಿನ ಪ್ರಾರ್ಥನೆ ಮುಗಿಯುವ ತನಕ ಆ ಬಾಗಿಲನ್ನು ಯಾರೂ ತಟ್ಟುವಂತಿರಲಿಲ್ಲ.

"ಇಲ್ಲಿ ಬಾರೇ, ಟೀಮುಗಳಿಗೆ ಈ ಬಣ್ಣದ ಪಟ್ಟಿ ಕತ್ತರಿಸಿಕೊಡು" ಎಂದು ಅಮ್ಮ ಕರೆದಳು.

ಭಾನುವಾರ ರಿಲೇ ಇತ್ತು. ಊರಿನ ಮೂರು ಓಟದ ಕ್ಲಬ್ಬುಗಳು ಸೇರುವ ಸ್ನೇಹದ ಓಟ. ಒಂದು ಟೀಮಿಗೆ ನಾಲ್ಕು ಜನ. ಒಬ್ಬೊಬ್ಬರೂ ಕೆರೆಗೆ ಒಂದು ಸುತ್ತು ಓಡಿ, ಮರದ ಕೋಲನ್ನು ಮುಂದಿನವರ ಕೈಗೆ ಕೊಡಬೇಕು. ಆದರೆ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ತೀರ ನಿಧಾನದ ಟೀಮು ಮೊದಲು ಹೊರಡುತ್ತದೆ, ತೀರ ವೇಗದ್ದು ಕೊನೆಗೆ. ಯಾರನ್ನು ಎಷ್ಟು ತಡೆದು ಬಿಡಬೇಕು ಎಂಬ ಲೆಕ್ಕ ಸರಿಯಾಗಿದ್ದರೆ ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಬಂದು ಮುಟ್ಟುತ್ತಾರೆ. ಇಷ್ಟು ವರ್ಷ ಆ ಲೆಕ್ಕ ಅಜ್ಜನದು. ಈಗ ಅಮ್ಮನ ತಲೆಗೆ ಬಂದಿತ್ತು.

"ಯಾರಾದ್ರೂ ಸುಳ್ಳು ಟೈಮ್ ಕೊಟ್ರೆ?" ಮಿಡತೆ ಕೇಳಿದಳು.

"ಕೊಟ್ಟ ಟೈಮಿಗಿಂತ ತುಂಬಾ ಬೇಗ ಬಂದ್ರೆ ಅದು ಕಳ್ಳ ಟೈಮ್. ಟೀಮ್ ಔಟ್. ನಿಮ್ಮಜ್ಜ ಮಾಡಿದ ರೂಲು."

ಸಂಜೆ ಎಲ್ಲರಿಗಿಂತ ನಿಧಾನದ ಆಮೆ ಟೀಮಿನವರು ಬಂದರು. ರಿಟೈರಾದ ಮೇಷ್ಟ್ರು, ಕೋಲನ್ನು ಕೆತ್ತಿಕೊಟ್ಟ ಬಡಗಿ ತಾತ, ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಿಟ್ಟ ನರ್ಸಮ್ಮ. ನಾಲ್ಕನೆಯವರು ಅಜ್ಜ ಆಗಿದ್ದರು.

"ಮೂರು ಜನಕ್ಕೆ ಟೀಮ್ ಆಗಲ್ಲ ಮೇಷ್ಟ್ರೇ" ಎಂದಳು ಅಮ್ಮ. "ನಾಲ್ಕನೆಯವರು ಯಾರು ಹೇಳಿ, ಟೈಮ್ ಹಾಕ್ಕೋತೀನಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿಮ್ಮಪ್ಪನ ಟೈಮೇ ಹಾಕಮ್ಮ" ಎಂದರು ಮೇಷ್ಟ್ರು.

ಅಮ್ಮನ ಪೆನ್ನು ನಿಂತುಹೋಯಿತು. "ಅಪ್ಪನ ಟೈಮು ಇನ್ಯಾರಿಗೆ ಬರತ್ತೆ?"

"ಬರೋರು ಬರ್ತಾರೆ. ಕೊನೇ ಸುತ್ತು ಅವನದೇ ತಾನೆ? ಹೆಚ್ಚೂ ಬೇಡ, ಕಡಿಮೆನೂ ಬೇಡ."

ಅವರು ಹೊರಡುವಾಗ ಮಿಡತೆ ಬಡಗಿ ತಾತನ ತೋಳು ಜಗ್ಗಿದಳು.

"ತಾತಾ, ನಿಜ ಹೇಳಿ. ಬರೋದು ಯಾರು?"

"ಬಂದಾಗ ನೋಡ್ತೀಯಲ್ಲ. ಯಾಕೆ, ಹೆದರ್ಕೊಂಡ್ಯಾ?"

"ಇಲ್ಲ."

"ನಂಗಂತೂ ಸ್ವಲ್ಪ ಹೆದರಿಕೆ ಇದೆಯಪ್ಪ" ಎಂದು ತಾತ ಚಪ್ಪಲಿ ಮೆಟ್ಟಿಕೊಂಡರು. ಅವರು ತಮಾಷೆ ಮಾಡಿದರೋ ಇಲ್ಲವೋ ಗೊತ್ತಾಗಲಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಓಟದ ಸಾಮಾನಿನ ಮೂಟೆ ಕಟ್ಟಿಕೊಂಡು ಮುಂಚೆಯೇ ಹೋಗಿದ್ದಳು. ಮಿಡತೆ ತನ್ನ ಶೂ ಹಾಕಿಕೊಳ್ಳಲು ಕೂತಳು. ಅಜ್ಜನ ಶೂಗಳಿದ್ದ ಜಾಗ ಖಾಲಿ. ತಲೆ ಎತ್ತಿ ನೋಡಿದರೆ, ಇಷ್ಟು ದಿನ ಮೊಳೆಗೆ ತೂಗುತ್ತಿದ್ದ ಅಜ್ಜನ ಬೂದು ಕೋಟೂ ಇಲ್ಲ.

ಅಜ್ಜಿಯ ಕೋಣೆಯ ಬಾಗಿಲು ಎಂದಿನಂತೆ ಹಾಕಿತ್ತು. ಮಿಡತೆ ಓಡಿದಳು.

ಕೆರೆಯೇ ಕಾಣುತ್ತಿರಲಿಲ್ಲ. ಮಂಜು ನೀರಿನಿಂದ ಎದ್ದು ದಂಡೆಯ ಮರಗಳನ್ನೆಲ್ಲ ನುಂಗಿಕೊಂಡಿತ್ತು. ಗಿರಣಿ ಕ್ಲಬ್ಬಿನವರು ಕೈ ಉಜ್ಜುತ್ತ ನಿಂತಿದ್ದರು. ಕಾಲೇಜು ಕ್ಲಬ್ಬಿನ ಹುಡುಗರು ಕುಣಿಯುತ್ತಿದ್ದರು.

"ನೀನು ಕೊನೇ ತಿರುವಲ್ಲಿ ನಿಂತ್ಕೋ" ಎಂದು ಅಮ್ಮ ಹಳದಿ ಬಾವುಟ ಕೊಟ್ಟಳು. "ಅಲ್ಲಿ ದಾರಿ ಎರಡಾಗತ್ತೆ. ಬಂದವರಿಗೆಲ್ಲ ಎಡಕ್ಕೆ ತೋರ್ಸು. ಜಾಗ ಬಿಟ್ಟು ಕದಲಬೇಡ."

ಕೊನೆಯ ತಿರುವು! ಅಲ್ಲೊಂದು ಕಲ್ಲುಬೆಂಚು ಇತ್ತು. ಹೋದ ವರ್ಷ ಓಡುತ್ತ ಬಂದ ಅಜ್ಜ ಆ ಬೆಂಚಿನ ಮೇಲೆ ಕೂತಿದ್ದರು. ಅವತ್ತೂ ಬಾವುಟ ಹಿಡಿದವಳು ಮಿಡತೆಯೇ. "ಲೇಸ್ ಬಿಚ್ಚಿದೆ ಕಣೇ" ಎಂದು ಬಗ್ಗಿದ್ದರು. ಲೇಸ್ ಬಿಚ್ಚಿರಲೇ ಇಲ್ಲ. ಉಸಿರು ಮಾತ್ರ ತಿದಿ ಒತ್ತಿದಂತೆ ಬರುತ್ತಿತ್ತು.

ದೂರದಲ್ಲಿ ಸೀಟಿ ಕೇಳಿತು. ಆಮೆ ಟೀಮು ಹೊರಟಿತು. ಬಹಳ ಹೊತ್ತಿನ ಮೇಲೆ ಇನ್ನೊಂದು ಸೀಟಿ, ಗಿರಣಿಯವರದು. ಆಮೇಲೆ ಕಾಲೇಜಿನವರದು. ಮಂಜಿನೊಳಗಿಂದ ಮೇಷ್ಟ್ರು ಬಂದು ಹೋದರು. ನರ್ಸಮ್ಮ ಬಂದು, "ಗಂಟಲು ಮುಚ್ಕೋ, ಶೀತ ಆಗತ್ತೆ" ಎಂದು ಓಡುತ್ತಲೇ ಬೈದು ಹೋದರು. ಬಡಗಿ ತಾತ ಕೋಲನ್ನು ಎದೆಗವಚಿಕೊಂಡು ಹೋದರು. ನಡುನಡುವೆ ಬೇರೆ ಟೀಮಿನವರು ಸರ್ರನೆ ದಾಟಿದರು. ಒಬ್ಬೊಬ್ಬರೂ ಇದ್ದಕ್ಕಿದ್ದಂತೆ ಮೂಡಿ, ಅಳಿಸಿದಂತೆ ಮಾಯವಾಗುತ್ತಿದ್ದರು.

ಆಮೇಲೆ ಯಾರೂ ಬರಲಿಲ್ಲ. ಕೆರೆಯಲ್ಲಿ ಒಂದು ಮೀನು ಕೂಡ ನೀರು ಕಲಕಲಿಲ್ಲ.

ಆಗ ಕೇಳಿತು.

ಟಪ್... ಸರ್. ಟಪ್... ಸರ್.

ಆ ಸದ್ದು ಮಿಡತೆಗೆ ಗೊತ್ತಿತ್ತು. ಎಡಗಾಲಿನ ಶೂವಿನ ಅಟ್ಟೆ ಬಿಟ್ಟಿದ್ದರೂ ಅಜ್ಜ ಹೊಲಿಸಿರಲಿಲ್ಲ. "ಇದು ಮಾತಾಡ್ತಿದ್ರೆ ನಂಗೆ ಜೊತೆ" ಎನ್ನುತ್ತಿದ್ದರು.

ಮಂಜಿನಲ್ಲಿ ಬೂದು ಕೋಟು ಕಂಡಿತು. ಮುಖ ಕಾಣಲಿಲ್ಲ, ಟೋಪಿ ಹುಬ್ಬಿನ ತನಕ ಇಳಿದಿತ್ತು. ಓಡಿಹೋಗಲೇ, ಕೂಗಲೇ? ಹೆದರಿಕೆಯ ಕೆಳಗೆ ಇನ್ನೂ ಏನೋ ಇತ್ತು. ಅದು ಆಸೆ ಎಂದು ಅವಳಿಗೆ ಗೊತ್ತಾದದ್ದು, ಬಾಯಿಂದ "ಅಜ್ಜಾ" ಎಂಬ ಮಾತು ಬಿದ್ದ ಮೇಲೆ.

ಕೋಟು ನೆಟ್ಟಗೆ ಕಲ್ಲುಬೆಂಚಿನ ಹತ್ತಿರ ಹೋಗಿ ಕೂತಿತು. ಕೋಲನ್ನು ಪಕ್ಕಕ್ಕಿಟ್ಟು, ಬಗ್ಗಿ ಲೇಸ್ ಮುಟ್ಟಿತು. ಲೇಸ್ ಬಿಚ್ಚಿರಲಿಲ್ಲ.

ಟೋಪಿಯ ಕೆಳಗಿಂದ ಒಂದು ಸಣ್ಣ ಗುನುಗು ಕೇಳಿತು. ತಗ್ಗಿದ ದನಿ, ನಿಲ್ಲದ ಮಾತುಗಳು. ದಿನಾ ಬೆಳಿಗ್ಗೆ ಮುಚ್ಚಿದ ಬಾಗಿಲ ಹಿಂದಿನಿಂದ ಬರುತ್ತಿದ್ದ ಗುನುಗು. ಮಿಡತೆಗೆ ತಟ್ಟನೆ ನೆನಪಾಯಿತು: ಈಚೆಗೆ ಬೆಳಿಗ್ಗೆ ಆ ಬಾಗಿಲ ಹಿಂದೆ ಯಾವ ಸದ್ದೂ ಇರುತ್ತಿರಲಿಲ್ಲ.

"ಅಜ್ಜೀ?"

ಅಜ್ಜಿ ತಲೆ ಎತ್ತದೆ ಒಂದು ಬೆರಳೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದರು. ಅಷ್ಟರಲ್ಲಿ ಗಿರಣಿಯವರ ಕೊನೆಯ ಓಟಗಾರ ದಬದಬನೆ ಬಂದ. ಮಿಡತೆ ಎಡಕ್ಕೆ ಬಾವುಟ ಬೀಸಿದಳು. ಅವನು ಹೋದ.

"ಅಜ್ಜಿ, ಏಳು! ನೀನೇ ಮುಂದೆ ಇದ್ದೆ. ಈಗ ಎದ್ರೂ ಗೆಲ್ಬಹುದು!"

"ಗೆಲ್ಲೋಕೆ ಯಾರೇ ಬಂದಿದ್ದು?" ಅಜ್ಜಿ ಏದುಸಿರು ಬಿಡುತ್ತ ಹೇಳಿದರು. "ನಿಮ್ಮಜ್ಜ ಇಲ್ಲಿ ಕೂತಷ್ಟು ಹೊತ್ತು ನಾನೂ ಕೂರ್ಬೇಕು. ಒಂದು ಸಲ ಪ್ರಾರ್ಥನೆ ಹೇಳೋ ಹೊತ್ತು. ಮೊದಲೇ ಎದ್ರೆ ಕಳ್ಳ ಟೈಮ್ ಆಗಲ್ವಾ?"

"ಅವರು ಇಲ್ಲಿ ಕೂರ್ತಿದ್ದದ್ದು ನಿಂಗೆ ಹೇಗೆ ಗೊತ್ತು?"

"ಮಹಾರಾಯ ಎಂದಾದ್ರೂ ಹೇಳ್ತಿದ್ರಾ? ಎಷ್ಟೋ ಸಲ ಹಿಂದೆಯೇ ಬಂದು ಆ ಪೊದೆ ಮರೆಯಲ್ಲಿ ನಿಂತು ನೋಡಿದ್ದೀನಿ. ಕೂತೋರು ಏಳೋ ತನಕ ನಂದು ಪ್ರಾರ್ಥನೆ."

ಅಜ್ಜಿ ಮತ್ತೆ ಕಣ್ಣು ಮುಚ್ಚಿದರು. ಕಾಲೇಜು ಹುಡುಗ ಗಾಳಿಯಂತೆ ದಾಟಿದ. ಮಿಡತೆ ಅವನಿಗೂ ಎಡಕ್ಕೆ ತೋರಿಸಿದಳು. ಏಳು ಎಂದು ಮತ್ತೆ ಹೇಳಲಿಲ್ಲ. ಬೆಂಚಿನ ಪಕ್ಕದಲ್ಲಿ ನಿಂತು, ಇದ್ದಷ್ಟೂ ಹೊತ್ತು ಆ ಗುನುಗನ್ನು ಕೇಳಿದಳು. ಜೀವನದಲ್ಲಿ ಮೊದಲ ಸಲ ಅವಳು ನಿಂತಲ್ಲೇ ನಿಂತಿದ್ದಳು.

ಗುನುಗು ಮುಗಿಯಿತು. ಅಜ್ಜಿ ಕೋಲನ್ನು ಎತ್ತಿಕೊಂಡು ಎದ್ದರು. ಟಪ್... ಸರ್. ಇನ್ನು ದಾರಿ ತೋರಿಸಬೇಕಾದವರು ಯಾರೂ ಇರಲಿಲ್ಲ. ಮಿಡತೆ ಅವರ ಹಿಂದೆಯೇ ಓಡಿದಳು.

ಮುಕ್ತಾಯದ ಗೆರೆಯ ಹತ್ತಿರ ಕೂಗಾಟ ಎದ್ದಿತ್ತು. ಗಿರಣಿಯವನೂ ಕಾಲೇಜು ಹುಡುಗನೂ ಆಗತಾನೇ ಮುಟ್ಟಿದ್ದರು. ಅವರ ಬೆನ್ನಿಗೇ ಬೂದು ಕೋಟು ಮಂಜಿನಿಂದ ಹೊರಬಂತು.

ಕೂಗಾಟ ನಿಂತಿತು. ಕೋಲು ಕೈ ಬದಲಾದದ್ದು ಗೆರೆಯಾಚೆ ಮಂಜಿನೊಳಗೆ; ನಾಲ್ಕನೆಯವರನ್ನು ಅಮ್ಮ ಆ ತನಕ ನೋಡಿರಲಿಲ್ಲ.

"ಅಪ್ಪ..." ಎಂದಳು. ಆಮೇಲೆ ಟೋಪಿ ಸರಿಯಿತು. "ಅಮ್ಮಾ! ಏನಮ್ಮಾ ಇದು, ನಿನ್ನ ಮಂಡಿ!"

"ಮಂಡಿ ಅದರ ಪಾಡಿಗಿದೆ. ಟೈಮ್ ನೋಡೇ ಮೊದಲು" ಎಂದರು ಅಜ್ಜಿ.

ಅಮ್ಮ ಕೈಯಲ್ಲಿದ್ದ ವಾಚನ್ನು ನೋಡಿದಳು. ನಿಲ್ಲಿಸುವುದನ್ನೇ ಮರೆತಿದ್ದಳು. ಅದು ಓಡುತ್ತಲೇ ಇತ್ತು.

"ನೋಡೋದೇನು ಬೇಡ ಬಿಡು" ಎಂದರು ಮೇಷ್ಟ್ರು. "ಎಲ್ಲರೂ ಒಟ್ಟಿಗೇ ಬಂದ್ರಲ್ಲ. ಅವನ ಲೆಕ್ಕ ಸರಿಯಾಯ್ತು." ಹಾಗೆಂದವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಆ ಸಂಜೆ ಮಿಡತೆ ಹಳೆಯ ಪೇಪರನ್ನು ಉಂಡೆ ಮಾಡಿ ಅಜ್ಜನ ಶೂಗಳೊಳಗೆ ತುರುಕಿದಳು. ಒದ್ದೆ ಹೀರಿಕೊಳ್ಳಲಿ ಎಂದು. ಕರಿಮಣ್ಣನ್ನು ಒರೆಸಿದಳು. ಬಿಟ್ಟಿದ್ದ ಅಟ್ಟೆಯನ್ನು ಮಾತ್ರ ಹಾಗೇ ಬಿಟ್ಟಳು. ಶೂಗಳ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟು, ಪಕ್ಕದಲ್ಲಿ ತನ್ನ ಪುಟ್ಟ ಶೂಗಳನ್ನೂ ಹಾಗೇ ಇಟ್ಟಳು.

ಮಲಗುವ ಮುಂಚೆ ಅಮ್ಮ ಎಂದಿನಂತೆ ಶೂ ಜೋಡಿಸಲು ಬಂದಳು. ಎರಡು ಜೋಡಿಯನ್ನೂ ನೋಡಿದಳು. ಬಗ್ಗಿ ಕೈ ಚಾಚಿದಳು.

ಹೊದಿಕೆಯೊಳಗಿಂದ ಮಿಡತೆ ನೋಡುತ್ತಿದ್ದಳು. ಅಮ್ಮ ಶೂಗಳನ್ನು ತಿರುಗಿಸಲಿಲ್ಲ. ದೀಪ ಆರಿಸಿ ಹೋದಳು.